ಉಷ್ಣಮಾಪಕವನ್ನು ನಂಬಿದ ಜೂಲ್

ಶಕ್ತಿಯನ್ನು ಅಳೆಯುವ ಮಾನಕ್ಕೆ ಜೂಲ್ ಎಂದು ಹೆಸರು. ಲೆಕ್ಕ ಮಾಡಿ ಉತ್ತರದ ಮುಂದೆ ಆ ಹೆಸರನ್ನು ಬರೆಯುವ ನಾವು, ಅದು ಒಬ್ಬ ಮನುಷ್ಯನ ಹೆಸರೆಂಬುದನ್ನು ಮರೆತೇಬಿಡುತ್ತೇವೆ. ಆತನು ವಿಶ್ವವಿದ್ಯಾನಿಲಯದಲ್ಲಿ ಓದಿದವನಲ್ಲ, ಪ್ರಾಧ್ಯಾಪಕನೂ ಅಲ್ಲ. ಬಿಯರ್ ತಯಾರಿಸುವ ಕಾರ್ಖಾನೆಯ ಒಡೆಯನ ಮಗ.

ಜೇಮ್ಸ್ ಪ್ರೆಸ್ಕಾಟ್ ಜೂಲ್ 1818ನೆಯ ಡಿಸೆಂಬರ್ 24ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರಕ್ಕೆ ಹೊಂದಿಕೊಂಡಿರುವ ಸಾಲ್ಫರ್ಡ್‌ನಲ್ಲಿ ಜನಿಸಿದನು. ಬಾಲ್ಯದಲ್ಲಿ ಬೆನ್ನುಮೂಳೆಯ ದೌರ್ಬಲ್ಯವಿದ್ದುದರಿಂದ ಮನೆಯಲ್ಲಿಯೇ ಪಾಠವಾಯಿತು. ಮುಂದೆ ತಂದೆಯು ಅವನನ್ನೂ ಅಣ್ಣನನ್ನೂ ಪರಮಾಣುವಾದದಿಂದ ಪ್ರಸಿದ್ಧನಾಗಿದ್ದ ಜಾನ್ ಡಾಲ್ಟನ್ನನ ಬಳಿಗೆ ಕಳುಹಿಸಿದನು. ವೃದ್ಧ ಗುರುವು ಅಂಕಗಣಿತ, ರೇಖಾಗಣಿತಗಳಿಂದ ಪಾಠವನ್ನು ಆರಂಭಿಸಿದನು. 1837ರಲ್ಲಿ ಡಾಲ್ಟನ್ನನಿಗೆ ಪಾರ್ಶ್ವವಾಯು ತಗಲಿ ಆ ಪಾಠವೂ ನಿಂತಿತು. ಹುಡುಗನ ಪಾಲಿಗೆ ಉಳಿದದ್ದು ತಂದೆಯ ಕಾರ್ಖಾನೆ.

ಮದ್ಯದ ಗುಣಗಾನ ಮಾಡುವುದು ನಮ್ಮ ಉದ್ದೇಶವಲ್ಲ. ಆದರೆ ಆ ಕಾರ್ಖಾನೆಯ ಕೆಲಸವೇನೆಂದು ತಿಳಿಯದೆ ಜೂಲ್‌ನನ್ನು ತಿಳಿಯಲಾಗದು. ನಮ್ಮ ಮನೆಗಳಲ್ಲಿ ಚಳಿಗಾಲದಲ್ಲಿ ದೋಸೆಯ ಹಿಟ್ಟು ಬೇಗನೆ ಹುದುಗುವುದಿಲ್ಲ. ಬೇಸಿಗೆಯಲ್ಲಿ ಬೆಳಗಾಗುವುದರೊಳಗೆ ಉಕ್ಕಿ ಹುಳಿಯಾಗಿಬಿಡುತ್ತದೆ. ತಾಯಂದಿರು ಚೆನ್ನಾಗಿ ಬಲ್ಲ ಈ ಸಂಗತಿಯೇ ಬಿಯರಿನ ತೊಟ್ಟಿಯಲ್ಲಿಯೂ ನಡೆಯುತ್ತದೆ. ಮೊಳಕೆ ಬರಿಸಿದ ಬಾರ್ಲಿಯ ಸಿಹಿ ರಸಕ್ಕೆ ಯೀಸ್ಟ್ ಬೆರೆಸುತ್ತಾರೆ. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೊಹಾಲನ್ನೂ ಇಂಗಾಲಾಮ್ಲವನ್ನೂ ಉಂಟುಮಾಡುತ್ತದೆ. ಜೊತೆಗೆ ಶಾಖವೂ ಹುಟ್ಟುತ್ತದೆ. ಶಾಖ ಏರಿದಷ್ಟೂ ಹುದುಗುವಿಕೆಯ ವೇಗ ಹೆಚ್ಚು. ವೇಗ ಹೆಚ್ಚಿದಷ್ಟೂ ಶಾಖ ಹೆಚ್ಚು. ಉಷ್ಣತೆ ಮಿತಿಮೀರಿದರೆ ರುಚಿ ಕೆಡುತ್ತದೆ, ತೀರ ಇಳಿದರೆ ಯೀಸ್ಟ್ ಮಲಗಿಬಿಡುತ್ತದೆ. ಮನೆಯ ಮಟ್ಟಿಗೆ ಬಿಯರ್ ಮಾಡಿಕೊಳ್ಳುವವರು ಹಿಂದೆ ಕೈಯ ಅಂದಾಜಿನಿಂದಲೇ ಕೆಲಸ ಸಾಗಿಸುತ್ತಿದ್ದರು. ಆದರೆ ದೊಡ್ಡ ತೊಟ್ಟಿಗಳಲ್ಲಿ ಕೆಲವೇ ಡಿಗ್ರಿಗಳ ತಪ್ಪಿನಿಂದ ಅಪಾರ ನಷ್ಟವಾಗಬಹುದು. ಆದುದರಿಂದ ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೇ ಇಂಗ್ಲೆಂಡಿನ ದೊಡ್ಡ ಕಾರ್ಖಾನೆಗಳಲ್ಲಿ ಉಷ್ಣಮಾಪಕ ಬಳಕೆಗೆ ಬಂದಿತ್ತು. ಜೂಲ್‌ನ ಸೂಕ್ಷ್ಮದೃಷ್ಟಿ ಪಳಗಿದ್ದು ಇಂತಹ ವಾತಾವರಣದಲ್ಲಿಯೇ ಎಂದು ವಿಜ್ಞಾನದ ಇತಿಹಾಸಕಾರರು ಭಾವಿಸುತ್ತಾರೆ.

ಕಾರ್ಖಾನೆಯ ಕೆಲಸದ ಬಿಡುವಿನಲ್ಲಿ ಜೂಲ್ ಮನೆಯಲ್ಲಿಯೇ ಪ್ರಯೋಗಗಳನ್ನು ನಡೆಸುತ್ತಿದ್ದನು. ಉಗಿಯಂತ್ರಕ್ಕೆ ಬದಲಾಗಿ ವಿದ್ಯುತ್ ಮೋಟಾರನ್ನು ಬಳಸಬಹುದೇ ಎಂಬುದು ಅವನ ಮೊದಲ ಪ್ರಶ್ನೆ. ಬ್ಯಾಟರಿಯಲ್ಲಿ ಸವೆಯುವ ಸತುವು ಕಲ್ಲಿದ್ದಲಿಗಿಂತ ಬಹಳ ದುಬಾರಿಯೆಂದು ತಿಳಿದಾಗ ಆ ಆಸೆ ಮುರಿಯಿತು. ಆದರೆ ಅದೇ ಹುಡುಕಾಟದಲ್ಲಿ, 1840ರಲ್ಲಿ, ತಂತಿಯಲ್ಲಿ ಹುಟ್ಟುವ ಶಾಖವು ವಿದ್ಯುತ್ತಿನ ವರ್ಗಕ್ಕೂ ತಂತಿಯ ರೋಧಕ್ಕೂ ಅನುಗುಣವಾಗಿರುತ್ತದೆಂಬ ನಿಯಮ ದೊರಕಿತು. ಆಗ ಅವನ ವಯಸ್ಸು ಇನ್ನೂ ಇಪ್ಪತ್ತೆರಡು ತುಂಬಿರಲಿಲ್ಲ.

ಆ ಕಾಲದಲ್ಲಿ ಅನೇಕರು ಶಾಖವನ್ನು ಒಂದು ಬಗೆಯ ದ್ರವವೆಂದೇ ನಂಬಿದ್ದರು. ಕೆಲಸವೇ ಶಾಖವಾಗಿ ಮಾರ್ಪಡುತ್ತದೆಂಬುದು ಜೂಲ್‌ನ ಮತ. ಒಂದು ಪೌಂಡು ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಏರಿಸಲು ಎಷ್ಟು ಅಡಿ-ಪೌಂಡು ಕೆಲಸ ಬೇಕು? 1843ರಲ್ಲಿ ವಿದ್ಯುತ್ತಿನ ಪ್ರಯೋಗದಿಂದ 838 ಎಂಬ ಸರಾಸರಿ ಬಂದಿತು. ಸಣ್ಣ ರಂಧ್ರಗಳ ಮೂಲಕ ನೀರನ್ನು ಒತ್ತಿದಾಗ 770 ಬಂದಿತು. ನೀರನ್ನು ಕಡೆಯುವ ಚಕ್ರದಿಂದ 1845ರಲ್ಲಿ 890, 1847ರಲ್ಲಿ ಸುಮಾರು 782. ಉತ್ತರಗಳು ಒಂದಕ್ಕೊಂದು ಹೊಂದಲಿಲ್ಲ. ಜೂಲ್ ಯಾವುದನ್ನೂ ಮುಚ್ಚಿಡಲಿಲ್ಲ, ತಿದ್ದಲಿಲ್ಲ. ಬಂದದ್ದನ್ನು ಬಂದಂತೆಯೇ ಪ್ರಕಟಿಸಿ ಮತ್ತೆ ಅಳೆಯಲು ಕುಳಿತನು.

1843ರಲ್ಲಿ ಕಾರ್ಕ್ ನಗರದ ವಿಜ್ಞಾನ ಸಭೆಯಲ್ಲಿ ಅವನ ಪ್ರಬಂಧಕ್ಕೆ ದೊರೆತದ್ದು ಮೌನ. ಒಂದು ಡಿಗ್ರಿಯ ಇನ್ನೂರರಲ್ಲಿ ಒಂದು ಭಾಗವನ್ನು ತಾನು ಓದಬಲ್ಲೆನೆಂದು ಬಿಯರ್ ಕಾರ್ಖಾನೆಯವನೊಬ್ಬನು ಹೇಳಿದರೆ ನಂಬುವವರಾರು? ಮ್ಯಾಂಚೆಸ್ಟರಿನ ಉಪಕರಣ ತಯಾರಕ ಡ್ಯಾನ್ಸರ್ ಅವನಿಗಾಗಿ ಅತಿ ಸೂಕ್ಷ್ಮವಾದ ಉಷ್ಣಮಾಪಕಗಳನ್ನು ಮಾಡಿಕೊಟ್ಟನು. 1847ರಲ್ಲಿ ಆಕ್ಸ್‌ಫರ್ಡಿನ ಸಭೆಯಲ್ಲಿ 23 ವರ್ಷದ ವಿಲಿಯಂ ಥಾಮ್ಸನ್ ಜೂಲ್‌ನ ಮಾತನ್ನು ಗಂಭೀರವಾಗಿ ಕೇಳಿದನು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವನು ಇವನೇ. ಅಂದಿನಿಂದ ಅವರಿಬ್ಬರೂ ಗೆಳೆಯರಾದರು.

1850ರಲ್ಲಿ ಪ್ರಕಟವಾದ ಪ್ರಯೋಗವು ಅವನ ಜೀವನದ ದೊಡ್ಡ ಸಾಧನೆ. ಬೀಳುವ ತೂಕಗಳು ದಾರವನ್ನೆಳೆದು ನೀರಿನೊಳಗಿನ ಚಕ್ರವನ್ನು ತಿರುಗಿಸುತ್ತಿದ್ದವು. ಇಪ್ಪತ್ತು ಸಲ ತೂಕಗಳು ಬಿದ್ದರೂ ನೀರಿನ ಉಷ್ಣತೆ ಏರುತ್ತಿದ್ದುದು ಅರ್ಧ ಡಿಗ್ರಿ ಫ್ಯಾರನ್‌ಹೀಟಿಗಿಂತ ಸ್ವಲ್ಪವೇ ಹೆಚ್ಚು. ತನ್ನ ಮೈಯ ಶಾಖ ತಗಲಿ ಲೆಕ್ಕ ಕೆಟ್ಟೀತೆಂದು ಜೂಲ್ ತನಗೂ ಪಾತ್ರೆಗೂ ನಡುವೆ ಮರದ ತಡಿಕೆಯನ್ನು ನಿಲ್ಲಿಸಿದ್ದನು. ಹೀಗೆ ನೀರಿನಿಂದಲೇ 40 ಸಲ ಪ್ರಯೋಗ ಮಾಡಿ, ಪಾದರಸ, ಬೀಡುಕಬ್ಬಿಣಗಳಿಂದಲೂ ಪರೀಕ್ಷಿಸಿ, 772 ಎಂಬ ಸಂಖ್ಯೆಗೆ ಬಂದನು. ಇಂದು ನಾವು ಒಪ್ಪುವ ಬೆಲೆ ಸುಮಾರು 778. ತಪ್ಪು ನೂರಕ್ಕೆ ಒಂದರಷ್ಟೂ ಇಲ್ಲ!

ಅದೇ ವರ್ಷ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆಯಿತು. ಆದರೆ 1854ರಲ್ಲಿ ಹೆಂಡತಿ ಅಮೀಲಿಯಾ ತೀರಿಕೊಂಡಳು, ಕಾರ್ಖಾನೆಯೂ ಮಾರಾಟವಾಯಿತು. ಥಾಮ್ಸನ್ನನೊಡನೆ ನಡೆಸಿದ ಅನಿಲಗಳ ಸಂಶೋಧನೆಯಿಂದ ಮುಂದೆ ವಾಯುವನ್ನು ದ್ರವವಾಗಿಸುವ ದಾರಿ ತೆರೆಯಿತು. 1870ರಲ್ಲಿ ಕಾಪ್ಲಿ ಪದಕ ಬಂದಿತು. ಸಂಪತ್ತು ಕರಗಿದಾಗ, 1878ರಲ್ಲಿ, ಸರಕಾರವು ವರ್ಷಕ್ಕೆ 200 ಪೌಂಡುಗಳ ವಿಶ್ರಾಂತಿವೇತನ ನೀಡಿತು. ಆ ವರ್ಷವೂ ಜೂಲ್ ಹಳೆಯ ಪ್ರಯೋಗವನ್ನು ಹೊಸದಾಗಿ ಮಾಡಿ 772.55 ಎಂದು ಪ್ರಕಟಿಸಿದನು. 1889ನೆಯ ಅಕ್ಟೋಬರ್ 11ರಂದು ಅವನು ಕಾಲವಾದನು. ಅವನ ಸಮಾಧಿಯ ಕಲ್ಲಿನ ಮೇಲೆ ಈ ಸಂಖ್ಯೆಯನ್ನು ಕೆತ್ತಿದ್ದಾರೆ. ಮ್ಯಾಂಚೆಸ್ಟರಿನ ಪುರಭವನದಲ್ಲಿ ಗುರು ಡಾಲ್ಟನ್ನನ ಪ್ರತಿಮೆಯೂ ಶಿಷ್ಯ ಜೂಲ್‌ನ ಪ್ರತಿಮೆಯೂ ಇವೆ.

ಪ್ರಯೋಗದ ದಿನ ಪಕ್ಕದವನ ಪುಸ್ತಕವನ್ನು ನೋಡಿ ಅಂಕಿಗಳನ್ನು ತಿದ್ದಿಕೊಳ್ಳುವ ಮಕ್ಕಳನ್ನು ನಾವು ಕಂಡಿದ್ದೇವೆ. ನಾವೂ ಬಾಲ್ಯದಲ್ಲಿ ಹಾಗೆ ಮಾಡಿದವರೇ. ಸರಿಯುತ್ತರ ಬರದಿದ್ದರೆ ಅಂಕ ಹೋದೀತೆಂಬ ಭಯ. ಜೂಲ್‌ನಿಗೆ ನೋಡಿ ಬರೆಯಲು ಪಕ್ಕದವನೇ ಇರಲಿಲ್ಲ. ಅವನು ಪ್ರಕಟಿಸಿದ 838, 890ಗಳು ಇಂದಿನ ಲೆಕ್ಕಕ್ಕೆ ತಪ್ಪು ಅಂಕಿಗಳೇ. ಅವುಗಳನ್ನು ನಾಚದೆ ಲೋಕದ ಮುಂದಿಟ್ಟವನೇ 772ನ್ನು ಮುಟ್ಟಿದನು. ವಿದ್ಯಾರ್ಥಿಗಳೇ, ಉಷ್ಣಮಾಪಕದಲ್ಲಿ ಕಂಡಷ್ಟನ್ನೇ ಬರೆಯಿರಿ. ಸಂಶಯ ಬಂದರೆ ಇನ್ನೊಮ್ಮೆ ಅಳೆಯಿರಿ. ಹಾಗೆ ಬರೆದ ಪುಸ್ತಕದಲ್ಲಿ ಅಂಕ ಒಂದೆರಡು ಕಡಿಮೆಯಾದರೆ, ತಂದೆತಾಯಿಗಳು ಗದರಿಸಬೇಡಿ.