ನೆಳಲು ಬೆಳಕಿನ ಸಾಧಕ ವಿ. ಕೆ. ಮೂರ್ತಿ

ಕತ್ತಲೆಯ ಅರಿವಿಲ್ಲದವನಿಗೆ ಬೆಳಕಿನ ಬೆಲೆ ತಿಳಿಯದು. ಈ ಸತ್ಯವನ್ನು ಕ್ಯಾಮರಾದ ಮೂಲಕ ಭಾರತಕ್ಕೆಲ್ಲ ತೋರಿಸಿಕೊಟ್ಟ ಕನ್ನಡಿಗರು ವಿ. ಕೆ. ಮೂರ್ತಿಯವರು.

ಮೂರ್ತಿಯವರು 1923ರಲ್ಲಿ ಮೈಸೂರಿನಲ್ಲಿ ಜನಿಸಿದರು. ಪಿಟೀಲುವಾದನದಲ್ಲಿ ಅವರಿಗೆ ಒಳ್ಳೆಯ ಪರಿಶ್ರಮವಿತ್ತು. ತಾರುಣ್ಯದಲ್ಲಿ ಸ್ವಾತಂತ್ರ್ಯ ಚಳವಳಿಯಲ್ಲಿ ಭಾಗವಹಿಸಿ ಸೆರೆವಾಸವನ್ನೂ ಅನುಭವಿಸಿದರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣವನ್ನು ಅಭ್ಯಾಸ ಮಾಡಿ, 1946ರಲ್ಲಿ ಡಿಪ್ಲೊಮಾ ಪಡೆದು, ಮುಂಬಯಿಯಲ್ಲಿ ಸಹಾಯಕರಾಗಿ ದುಡಿಯತೊಡಗಿದರು.

1951ರಲ್ಲಿ ತೆರೆಕಂಡ ‘ಬಾಜಿ’ ಚಿತ್ರದ ಚಿತ್ರೀಕರಣ ನಡೆದಿತ್ತು. ಒಂದು ದೃಶ್ಯವನ್ನು ಕನ್ನಡಿಯ ಪ್ರತಿಬಿಂಬದಿಂದ ಆರಂಭಿಸಬಹುದೆಂದು ಸಹಾಯಕರಾದ ಮೂರ್ತಿಯವರು ಸೂಚಿಸಿದರು. ನಿರ್ದೇಶಕ ಗುರುದತ್ತರು ಒಪ್ಪಿ ಅವಕಾಶವಿತ್ತರು. ದೃಶ್ಯವು ಸೊಗಸಾಗಿ ಮೂಡಿತು. ಮುಂದಿನ ಚಿತ್ರ ‘ಜಾಲ್’ನಿಂದ ಮೂರ್ತಿಯವರೇ ಗುರುದತ್ತರ ಛಾಯಾಗ್ರಾಹಕರಾದರು.

ಕಪ್ಪು ಬಿಳುಪಿನ ಚಿತ್ರದಲ್ಲಿ ಬಣ್ಣದ ನೆರವಿಲ್ಲ. ಕಣ್ಣಿಗೆ ಬೇರೆಬೇರೆಯಾಗಿ ಕಾಣುವ ಕೆಂಪು ಹಸುರುಗಳೆರಡೂ ಫಿಲಮ್ಮಿನ ಮೇಲೆ ಒಂದೇ ಬಗೆಯ ಬೂದುಬಣ್ಣಕ್ಕೆ ಇಳಿಯಬಹುದು. ಬೆಳಕು ಅತಿಯಾದರೆ ಮುಖದ ಭಾವವು ಬಿಳುಪಿನಲ್ಲಿ ಕರಗುತ್ತದೆ. ಕಡಿಮೆಯಾದರೆ ಕಪ್ಪಿನಲ್ಲಿ ಮುಳುಗುತ್ತದೆ. ಇವೆರಡರ ಅಂತರವನ್ನು ಹದವರಿತು ನಿಲ್ಲಿಸುವುದೇ ಛಾಯಾಗ್ರಾಹಕನ ಜಾಣ್ಮೆ. ಮೂರ್ತಿಯವರು ಎಲ್ಲಿ ದೀಪ ಹಚ್ಚಬೇಕೆಂಬುದನ್ನು ಬಲ್ಲಂತೆಯೇ ಎಲ್ಲಿ ಹಚ್ಚಬಾರದೆಂಬುದನ್ನೂ ಬಲ್ಲವರಾಗಿದ್ದರು. 1957ರ ‘ಪ್ಯಾಸಾ’ ಇದಕ್ಕೆ ನಿದರ್ಶನ.

1959ರಲ್ಲಿ ‘ಕಾಗಜ್ ಕೆ ಫೂಲ್’ ತೆರೆಕಂಡಿತು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರವದು. ಅದರ ಹಾಡೊಂದಕ್ಕಾಗಿ ಮೂರ್ತಿಯವರು ದೊಡ್ಡ ಕನ್ನಡಿಗಳಿಂದ ಹೊರಗಿನ ಬಿಸಿಲನ್ನು ಸ್ಟುಡಿಯೋದ ಕತ್ತಲೆಯೊಳಕ್ಕೆ ತಿರುಗಿಸಿದರು. ಮೇಲಿನಿಂದ ಇಳಿದ ಆ ಬೆಳಕಿನ ಕಂಬದಲ್ಲಿ ನಿಂತ ಇಬ್ಬರು ಪ್ರೇಮಿಗಳ ಅಗಲಿಕೆಯ ನೋವು ಮಾತಿನ ಹಂಗಿಲ್ಲದೆ ವ್ಯಕ್ತವಾಯಿತು. ಆದರೆ ಜನರು ಚಿತ್ರವನ್ನು ಮೆಚ್ಚಲಿಲ್ಲ. ಎದೆಗುಂದಿದ ಗುರುದತ್ತರು ಮತ್ತೆ ಯಾವ ಚಿತ್ರಕ್ಕೂ ನಿರ್ದೇಶಕರೆಂದು ತಮ್ಮ ಹೆಸರನ್ನು ಹಾಕಿಕೊಳ್ಳಲಿಲ್ಲ. ಸೋತ ಆ ಚಿತ್ರದ ಛಾಯಾಗ್ರಹಣಕ್ಕಾಗಿಯೇ ಮೂರ್ತಿಯವರಿಗೆ ಫಿಲಂಫೇರ್ ಪ್ರಶಸ್ತಿ ದೊರೆಯಿತು. ಕಾಲಾಂತರದಲ್ಲಿ ಚಿತ್ರವೂ ಶ್ರೇಷ್ಠಕೃತಿಯೆಂಬ ಮನ್ನಣೆಯನ್ನು ಗಳಿಸಿತು.

ಆ ವೇಳೆಗೆ ವರ್ಣಚಿತ್ರಗಳ ಯುಗ ಸಮೀಪಿಸಿತ್ತು. ಕಲಿತದ್ದು ಸಾಕೆಂದು ಮೂರ್ತಿಯವರು ಸುಮ್ಮನಿರಲಿಲ್ಲ. ಲಂಡನ್ನಿಗೆ ಹೋಗಿ ವರ್ಣ ಛಾಯಾಗ್ರಹಣದ ಮರ್ಮವನ್ನು ಅರಿತರು. ಬಣ್ಣವು ವಸ್ತುಗಳನ್ನು ತಾನಾಗಿಯೇ ಬೇರ್ಪಡಿಸಿ ತೋರಿಸುವುದು ನಿಜ. ಆದರೆ ಬೆಳಕಿನ ಹದ ತಪ್ಪಿದರೆ ಬಣ್ಣವೂ ಕಳೆಗುಂದುತ್ತದೆ. 1960ರ ‘ಚೌದವೀ ಕಾ ಚಾಂದ್’ ಚಿತ್ರದ ವರ್ಣಗೀತೆಯಲ್ಲಿ ಅವರ ಹೊಸ ಕಲಿಕೆ ಫಲ ನೀಡಿತು.

1964ರಲ್ಲಿ ಗುರುದತ್ತರು ತೀರಿಕೊಂಡರು. ಆಪ್ತ ಗೆಳೆಯನನ್ನು ಕಳೆದುಕೊಂಡರೂ ಮೂರ್ತಿಯವರು ತಮ್ಮ ಕಾಯಕವನ್ನು ಬಿಡಲಿಲ್ಲ. ಕನ್ನಡದ ‘ಹೂವು ಹಣ್ಣು’ ಚಿತ್ರಕ್ಕೂ ಅವರ ಕೈಚಳಕ ದೊರೆಯಿತು. 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯು ಅವರಿಗೆ ಸಂದಿತು. ಈ ಗೌರವವನ್ನು ಪಡೆದ ಛಾಯಾಗ್ರಾಹಕರಲ್ಲಿ ಅವರೇ ಮೊದಲಿಗರು. 2014ರ ಏಪ್ರಿಲ್ 7ರಂದು ಅವರು ಬೆಂಗಳೂರಿನಲ್ಲಿ ನಿಧನರಾದರು.

ಚಿತ್ರವನ್ನು ನೋಡುವವರ ಕಣ್ಣು ನಟನಟಿಯರ ಮೇಲೆ ನಿಲ್ಲುತ್ತದೆ. ಅವರನ್ನು ಬೆಳಗಿಸಿದವನು ಕತ್ತಲೆಯಲ್ಲಿಯೇ ಉಳಿಯುತ್ತಾನೆ. ಮೂರ್ತಿಯವರು ಅದಕ್ಕಾಗಿ ಎಂದೂ ಕೊರಗದೆ, ತಮ್ಮ ಕೆಲಸವೇ ತಮ್ಮ ಪರಿಚಯವಾಗುವಂತೆ ಬಾಳಿದರು.