ಜೋಸೆಫ್ ವಾಜ್: ಕೆನರಾದ ಮೂರು ವರ್ಷಗಳು ಮತ್ತು ವಿಶ್ವಾಸದ ಬೆಲೆ

ಕರಾವಳಿಯ ಕ್ರೈಸ್ತ ಚರಿತ್ರೆಯನ್ನು ಕುರಿತ ಕನ್ನಡದ ಅಧ್ಯಯನಗಳು ಬಹುಮಟ್ಟಿಗೆ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನಿಂದ ಆರಂಭವಾಗುತ್ತವೆ. ಇದಕ್ಕೆ ಕಾರಣವೂ ಇದೆ. ಮುದ್ರಣ, ಪತ್ರಿಕೆ, ನಿಘಂಟು, ಹಸ್ತಪ್ರತಿ ಸಂಪಾದನೆಗಳ ಮೂಲಕ ಮೋಗ್ಲಿಂಗ್, ಕಿಟೆಲ್ ಮೊದಲಾದವರು ಕನ್ನಡಕ್ಕೆ ಕೊಟ್ಟದ್ದು ಕಣ್ಣೆದುರಿಗಿದೆ. ಬರೆದಿಟ್ಟದ್ದನ್ನೇ ಆಧರಿಸಿ ನಡೆಯುವ ನಮ್ಮ ವಿದ್ವತ್ತು, ಅದಕ್ಕೆ ಒಂದೂವರೆ ಶತಮಾನ ಮೊದಲು ಇದೇ ನೆಲದಲ್ಲಿ ಬರಿಗಾಲಿನಲ್ಲಿ ತಿರುಗಿದ ಒಬ್ಬ ಧರ್ಮಗುರುವಿನ ಬಗ್ಗೆ ಹೆಚ್ಚು ಮಾತನಾಡಿಲ್ಲ. ಜೋಸೆಫ್ ವಾಜ್ ಅವರ ಹೆಸರು ಶ್ರೀಲಂಕಾದ ಚರಿತ್ರೆಯಲ್ಲಿ ದೊಡ್ಡದು, ಗೋವೆಯಲ್ಲಿ ಮನೆಮಾತು, ದಕ್ಷಿಣ ಕನ್ನಡದ ಕೊಂಕಣಿ ಕೆಥೊಲಿಕರಲ್ಲಿ ಭಕ್ತಿಯ ವಿಷಯ. ಕನ್ನಡದ ಸಂಶೋಧನೆಯಲ್ಲಿ ಮಾತ್ರ ಅದು ಅಡಿಟಿಪ್ಪಣಿಯನ್ನು ದಾಟಿ ಬಂದದ್ದು ಕಡಮೆ. ವಾಜ್ ಅವರು ಕೆನರಾದಲ್ಲಿ ಕಳೆದ ಮೂರು ವರ್ಷಗಳನ್ನು ಅವರ ಜೀವನದ ಪೀಠಿಕೆಯೆಂದು ಚರಿತ್ರಕಾರರು ಬೇಗನೆ ದಾಟಿಬಿಡುತ್ತಾರೆ. ಮುಂದೆ ಲಂಕೆಯಲ್ಲಿ ಅವರು ತೋರಿದ ಸ್ಥೈರ್ಯದ ಪಾಠಶಾಲೆ ಇದೇ ಆಗಿತ್ತೆಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ.

ವಾಜ್ ಅವರು ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವೆಯ ಸಾಲ್ಸೆಟ್ ಪ್ರಾಂತದ ಬೆನಾವ್ಲಿಯಲ್ಲಿ. ಅದು ತಾಯಿಯ ಊರು. ತಂದೆಯ ಊರು ಸಾಂಕ್ವಾಳ. ತಂದೆ ಕ್ರಿಸ್ತೊವಾಂವ್ ವಾಜ್, ತಾಯಿ ಮರಿಯ ದ ಮಿರಾಂದ. ಮತಾಂತರಗೊಂಡ ಕೊಂಕಣಿ ಬ್ರಾಹ್ಮಣ ಮನೆತನ. ಪೋರ್ತುಗೀಸ್ ಮತ್ತು ಲ್ಯಾಟಿನ್ ಕಲಿತ ಬಳಿಕ ಹಳೆಗೋವೆಯಲ್ಲಿ ಜೆಸುಯಿಟರ ಸಂತ ಪೌಲರ ಕಾಲೇಜಿನಲ್ಲಿಯೂ ಡೊಮಿನಿಕನರ ವಿದ್ಯಾಪೀಠದಲ್ಲಿಯೂ ಅಭ್ಯಾಸ ಮಾಡಿ 1676ರಲ್ಲಿ ಗುರುದೀಕ್ಷೆ ಪಡೆದರು. ದೀಕ್ಷೆಯಾದ ಕೂಡಲೆ ಬಡವರಂತೆ ಬರಿಗಾಲಿನಲ್ಲಿ ನಡೆಯತೊಡಗಿದರು. ಪಾದರಕ್ಷೆ, ಉಡುಪು, ಭಾಷೆಗಳು ಅಂತಸ್ತನ್ನು ಸಾರುತ್ತಿದ್ದ ಪೋರ್ತುಗೀಸ್ ಗೋವೆಯಲ್ಲಿ ಇದನ್ನು ಕೇವಲ ವ್ಯಕ್ತಿಗತ ವೈರಾಗ್ಯವೆಂದು ಓದಲಾಗದು. ದೇಶೀಯ ಪಾದ್ರಿಗಳಿಗೆ ಆಗ ಯೂರೋಪಿನ ಸಂನ್ಯಾಸಿ ಸಂಘಗಳಲ್ಲಿ ಪ್ರವೇಶ ಬಹುಮಟ್ಟಿಗೆ ಇರಲಿಲ್ಲ. ವಿದ್ಯೆಯಿದ್ದೂ ಎರಡನೆಯ ದರ್ಜೆಯವರಾಗಿ ಉಳಿಯಬೇಕಾದ ಸ್ಥಿತಿ ಅವರದಾಗಿತ್ತು.

ಲಂಕೆಯ ಸುದ್ದಿ ಅವರ ಕಿವಿಗೆ ಬಿದ್ದದ್ದು ಈ ಸಮಯದಲ್ಲಿ. 1656ರಲ್ಲಿ ಕೊಲಂಬೊ, 1658ರಲ್ಲಿ ಜಾಫ್ನಾ ಡಚ್ಚರ ಕೈಗೆ ಹೋದ ಮೇಲೆ ಅಲ್ಲಿನ ಕೆಥೊಲಿಕರಿಗೆ ಪಾದ್ರಿಗಳೇ ಇರಲಿಲ್ಲ. ಪಾದ್ರಿಗೆ ಆಶ್ರಯ ಕೊಟ್ಟವರಿಗೆ ಮರಣದಂಡನೆಯೆಂದು 1658ರ ಡಚ್ ಆಜ್ಞೆ ಸಾರಿತ್ತು. ವಾಜ್ ಅವರು ತಮ್ಮನ್ನು ಅಲ್ಲಿಗೆ ಕಳುಹಿಸಬೇಕೆಂದು ಬೇಡಿಕೊಂಡರು. ಗೋವೆಯ ಧರ್ಮಪ್ರಾಂತದ ಅಧಿಕಾರಿಗಳು 1681ರಲ್ಲಿ ಅವರನ್ನು ಕಳುಹಿಸಿದ್ದು ಕೆನರಾಕ್ಕೆ.

ಆಗಿನ ಕೆನರಾ ಕೆಳದಿಯ ಅರಸೊತ್ತಿಗೆಗೆ ಸೇರಿದ್ದ ನಾಡು. ಕೆಳದಿಯ ಚೆನ್ನಮ್ಮಾಜಿ 1672ರಿಂದ ಸುಮಾರು 25 ವರ್ಷ ಆಳಿದಳು. ಒಳನಾಡಿನಲ್ಲಿ ಹಳೆಯ ಜೈನ ಅರಸು ಮನೆತನಗಳು, ಅಂದರೆ ಮೂಡುಬಿದಿರೆಯ ಚೌಟರು, ಇಂದಿನ ಬೆಳ್ತಂಗಡಿ ತಾಲೂಕಿನ ಬಂಗಾಡಿಯಲ್ಲಿ ಮೂಲವುಳ್ಳ ಬಂಗರು, ವೇಣೂರಿನ ಅಜಿಲರು, ಕೆಳದಿಗೆ ತಲೆಬಾಗಿ ತಮ್ಮ ತಮ್ಮ ಸೀಮೆಗಳನ್ನು ಉಳಿಸಿಕೊಂಡಿದ್ದರು. ನೇತ್ರಾವತಿಯ ದಂಡೆಯ ಬಂಟ್ವಾಳ ಕಡಲಿಗೂ ಘಟ್ಟಕ್ಕೂ ನಡುವಣ ನೆಲ. ಗೋವೆಯಿಂದ ಬರಗಾಲಕ್ಕೆ, ತೆರಿಗೆಗೆ, ಯುದ್ಧಕ್ಕೆ, ಮತ್ತು 1560ರಲ್ಲಿ ಸ್ಥಾಪನೆಯಾದ ಇಂಕ್ವಿಜಿಶನ್ ನ್ಯಾಯಾಲಯಕ್ಕೆ ಹೆದರಿ ವಲಸೆ ಬಂದ ಕೊಂಕಣಿ ಕ್ರೈಸ್ತರು ಈ ನಾಡಿನಲ್ಲಿ ನೆಲೆಯೂರಿದ್ದರು. ಒಂದು ಕ್ರೈಸ್ತ ಪ್ರಭುತ್ವದ ಧರ್ಮನ್ಯಾಯಾಲಯದಿಂದ ತಪ್ಪಿಸಿಕೊಂಡ ಕ್ರೈಸ್ತರು, ವೀರಶೈವ ರಾಣಿಯ ಆಳ್ವಿಕೆಯಲ್ಲಿ, ಜೈನ ಅರಸರ ಸೀಮೆಯಲ್ಲಿ, ಕ್ರೈಸ್ತರಾಗಿಯೇ ಉಳಿದರು. ಈ ಸಂಗತಿಯನ್ನು ಇಷ್ಟು ನೇರವಾಗಿ ಹೇಳುವ ಬರಹಗಳು ಯಾಕೋ ಕಡಮೆ.

ಶಿವಪ್ಪನಾಯಕನು 1650ರ ದಶಕದಲ್ಲಿ ಪೋರ್ತುಗೀಸರ ಕೋಟೆಗಳನ್ನು ಕಿತ್ತುಕೊಂಡ ಮೇಲೆ ಇವರ ಧಾರ್ಮಿಕ ಆಡಳಿತ ಸಡಿಲವಾಯಿತು. 1678ರ ಒಪ್ಪಂದದಲ್ಲಿ ಮಿರ್ಜಾನ, ಚಂದಾವರ, ಭಟ್ಕಳ, ಕಲ್ಯಾಣಪುರಗಳಲ್ಲಿ ಇಗರ್ಜಿ ಕಟ್ಟಲು ಕೆಳದಿ ಪ್ರಭುತ್ವ ಪೋರ್ತುಗೀಸರಿಗೆ ಅನುಮತಿ ಕೊಟ್ಟಿತಾದರೂ, ಅಷ್ಟು ಹೊತ್ತಿಗೆ ಮತ್ತೊಂದು ಅಧಿಕಾರ ಕೆನರಾದಲ್ಲಿ ಬೇರೂರಿತ್ತು. ಪೂರ್ವದೇಶಗಳ ಚರ್ಚುಗಳಿಗೆ ಅಧಿಕಾರಿಗಳನ್ನು ನೇಮಿಸುವ ಹಕ್ಕು ಪೋರ್ತುಗಲ್ ರಾಜನದೆಂಬುದು ಪದ್ರೊವಾದೊ ಎಂಬ ಹಳೆಯ ವ್ಯವಸ್ಥೆ. ಪೋರ್ತುಗೀಸರ ಕೈಗೆ ನಿಲುಕದ ನಾಡುಗಳಿಗೆ ತಾನೇ ನೇರವಾಗಿ ಬಿಷಪರನ್ನು ಕಳುಹಿಸಬೇಕೆಂಬ ಉದ್ದೇಶದಿಂದ ರೋಮ್ 1622ರಲ್ಲಿ ಪ್ರೊಪಗಾಂಡ ಫೀದೆ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ಹಾಗೆ ನೇಮಕಗೊಂಡು 1670ರ ದಶಕದಲ್ಲಿ ಮಂಗಳೂರಿಗೆ ಬಂದವರು ಬಿಷಪ್ ಥೋಮಸ್ ದ ಕಾಸ್ಟ್ರೊ. ಇವರು ಗೋವೆಯ ದಿವಾಡಿಯವರು. ದೇಶೀಯರಲ್ಲಿ ಮೊತ್ತಮೊದಲು ಬಿಷಪರಾದ ಮಥೇವುಸ್ ದ ಕಾಸ್ಟ್ರೊ ಅವರ ಸಂಬಂಧಿ. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿಯನ್ನು 1680ರಲ್ಲಿ ಕಟ್ಟಿಸಿದವರು ಇವರೇ. ಅದಕ್ಕೆ ಜಾಗ ದೊರೆತದ್ದು ಚೆನ್ನಮ್ಮಾಜಿಯಿಂದ.

ಈ ಬಿಕ್ಕಟ್ಟಿನ ನಡುವೆ ಗೋವೆಯ ಪಕ್ಷದ ಪ್ರತಿನಿಧಿಯಾಗಿ ವಾಜ್ ಅವರು ಬಂದಿಳಿದರು. ಪೋರ್ತುಗೀಸ್ ರಾಜನ ಹಕ್ಕನ್ನು ಎತ್ತಿಹಿಡಿಯಲು ಬಂದವರು ಒಬ್ಬ ಗೋವೆಯ ದೇಶೀಯ. ಅದಕ್ಕೆ ಎದುರಾಗಿ ನಿಂತವರು ಇನ್ನೊಬ್ಬ ಗೋವೆಯ ದೇಶೀಯ. ವಿಶ್ವಾಸಿಗಳು ಎರಡು ಬಣವಾಗಿದ್ದರು. ಒಬ್ಬರು ಕೊಟ್ಟ ಪಾಪಕ್ಷಮೆ ಇನ್ನೊಬ್ಬರ ದೃಷ್ಟಿಯಲ್ಲಿ ನಿರರ್ಥಕ. ಒಬ್ಬರು ಮಾಡಿಸಿದ ಮದುವೆ ಇನ್ನೊಬ್ಬರ ಲೆಕ್ಕದಲ್ಲಿ ಮದುವೆಯೇ ಅಲ್ಲ. ಸಾಮಾನ್ಯ ಒಕ್ಕಲಿಗನಿಗೆ ಇದು ಕಾನೂನಿನ ತೊಡಕಾಗಿರಲಿಲ್ಲ, ತನ್ನ ಮಕ್ಕಳ ದೀಕ್ಷಾಸ್ನಾನ ಸಲ್ಲುತ್ತದೆಯೋ ಇಲ್ಲವೋ ಎಂಬ ಭಯವಾಗಿತ್ತು. ವಾಜ್ ಅವರಿಗೆ ಎರಡು ದಾರಿಗಳಿದ್ದವು. ತಮ್ಮನ್ನು ಕಳುಹಿಸಿದವರ ಪಕ್ಷವನ್ನು ಹಟದಿಂದ ಹಿಡಿದರೆ ಗೋವೆಯಲ್ಲಿ ಮನ್ನಣೆ ಖಚಿತ. ಬಿಷಪರಿಗೆ ಸಂಪೂರ್ಣ ಶರಣಾದರೆ ವಿಧೇಯತೆಯ ವ್ರತಕ್ಕೆ ಭಂಗ. ಅವರು ಬಿಷಪರನ್ನು ಕಂಡು, ಗೌರವದಿಂದ ನಡೆದುಕೊಂಡು, ರೋಮಿನಿಂದ ಅಂತಿಮ ತೀರ್ಮಾನ ಬರುವವರೆಗೆ ಬಿಷಪರ ಅಧಿಕಾರವನ್ನು ತಾತ್ಕಾಲಿಕವಾಗಿ ತಮಗೆ ವಹಿಸಿಕೊಡುವಂತೆ ಒಪ್ಪಿಸಿದರು. ಹಾಗಾಗಿ ಅವರ ಕೈಯಿಂದ ಪಡೆದ ಸಂಸ್ಕಾರ ಯಾವ ಬಣದ ದೃಷ್ಟಿಯಲ್ಲಿಯೂ ಅಸಿಂಧುವಾಗುವಂತಿರಲಿಲ್ಲ. ಚರಿತ್ರಕಾರರು ಇದನ್ನು ರಾಜತಾಂತ್ರಿಕ ಜಾಣ್ಮೆಯೆಂದು ಹೊಗಳಿದ್ದಾರೆ. ಜಾಣ್ಮೆಗಿಂತ ಹೆಚ್ಚಾಗಿ ಇಲ್ಲಿ ಕಾಣುವುದು, ತನ್ನ ಪಕ್ಷದ ಗೆಲುವನ್ನು ಬಿಟ್ಟುಕೊಡಬಲ್ಲ ಮನಸ್ಸು. ವಿಶ್ವಾಸಕ್ಕಾಗಿ ಪರಧರ್ಮೀಯ ಪ್ರಭುತ್ವದಿಂದ ಪೆಟ್ಟು ತಿಂದವರ ಕಥೆಗಳನ್ನು ನಾವು ಬಲ್ಲೆವು. ಅದೇ ವಿಶ್ವಾಸಕ್ಕಾಗಿ ಸ್ವಂತ ಸಂಸ್ಥೆಯೊಳಗೆ ಹೆಸರಿಲ್ಲದೆ ಉಳಿಯಲು ಒಪ್ಪಿದವರ ಕಥೆಗೆ ಅಷ್ಟು ರೋಚಕತೆ ಇಲ್ಲ.

ಮಂಗಳೂರು, ಬಸ್ರೂರು, ಗಂಗೊಳ್ಳಿ, ಕುಂದಾಪುರಗಳಲ್ಲಿ ಪ್ರಾರ್ಥನಾಮಂದಿರ, ಸಣ್ಣ ಶಾಲೆ, ಭಕ್ತಸಂಘಗಳನ್ನು ಅವರು ಕಟ್ಟಿದರು. ಬಂಟ್ವಾಳ ತಾಲೂಕಿನಲ್ಲಿದ್ದು ಇತ್ತೀಚೆಗೆ ಉಳ್ಳಾಲ ತಾಲೂಕಿಗೆ ಸೇರಿದ ಮುಡಿಪುವಿನ ಗುಡ್ಡದಲ್ಲಿ ಅವರ ನೆನಪು ಐತಿಹ್ಯದ ರೂಪದಲ್ಲಿ ಉಳಿದಿದೆ. ಅಲ್ಲಿನ ನೀರಿನ ಬುಗ್ಗೆಗೂ ವಾಜ್ ಅವರ ಪ್ರಾರ್ಥನೆಗೂ ಜನ ಸಂಬಂಧ ಕಲ್ಪಿಸುತ್ತಾರೆ. ಐತಿಹ್ಯವನ್ನು ಚರಿತ್ರೆಯೆಂದು ಒಪ್ಪಬೇಕಾಗಿಲ್ಲ. ಆದರೆ ಗುಡ್ಡ, ನೀರು, ದೈವಿಕ ಪುರುಷನ ಸ್ಪರ್ಶ ಎಂಬ ಆಶಯ ತುಳುನಾಡಿನ ಸ್ಥಳಪುರಾಣಗಳಲ್ಲಿ ಎಷ್ಟು ಸಾಮಾನ್ಯವೆಂಬುದನ್ನು ಬಲ್ಲ ಜಾನಪದ ವಿದ್ವಾಂಸರಿಗೆ, ಹೊರಗಿನಿಂದ ಬಂದ ಪಾದ್ರಿಯೊಬ್ಬರನ್ನು ಈ ನೆಲ ತನ್ನ ಭಾಷೆಯಲ್ಲಿ ಹೇಗೆ ಒಳಗೊಂಡಿತೆಂಬುದಕ್ಕೆ ಮುಡಿಪು ಒಳ್ಳೆಯ ನಿದರ್ಶನವಾದೀತು.

1684ರಲ್ಲಿ ವಾಜ್ ಅವರು ಗೋವೆಗೆ ಮರಳಿದರು. ಬಿಷಪ್ ಕಾಸ್ಟ್ರೊ ಅದೇ ವರ್ಷ ಮಂಗಳೂರಿನಲ್ಲಿ ತೀರಿಕೊಂಡರು. 1685ರಲ್ಲಿ ಹಳೆಗೋವೆಯ ಪವಿತ್ರ ಶಿಲುಬೆಯ ಇಗರ್ಜಿಯಲ್ಲಿ ಕೂಡಿ ಬಾಳುತ್ತಿದ್ದ ಕೆಲವು ದೇಶೀಯ ಪಾದ್ರಿಗಳನ್ನು ಸೇರಿಕೊಂಡು, ಅದನ್ನು ಸಂತ ಫಿಲಿಪ್ ನೇರಿಯ ಓರೆಟರಿಯ ಮಾದರಿಯಲ್ಲಿ ಒಂದು ಸಂಘವಾಗಿ ರೂಪಿಸಿದರು. ಯೂರೋಪಿಯನರ ಹಂಗಿಲ್ಲದೆ ದೇಶೀಯರೇ ನಡೆಸಿದ ಇಂತಹ ಸಂಘ ಗೋವೆಯಲ್ಲಿ ಇದೇ ಮೊದಲು. ಈ ಸಂಘ ದೀರ್ಘಕಾಲ ಬ್ರಾಹ್ಮಣ ಮೂಲದವರಿಗೆ ಮಾತ್ರ ಬಾಗಿಲು ತೆರೆದಿತ್ತೆಂಬುದನ್ನೂ ಮರೆಮಾಚಬಾರದು. ಬರಿಗಾಲಿನಲ್ಲಿ ನಡೆದು ಗುಲಾಮರ, ಕೂಲಿಗಳ ವೇಷ ತೊಟ್ಟವರ ಸಂಘವೂ ಜಾತಿಯ ಗೋಡೆಯನ್ನು ದಾಟಲಿಲ್ಲ.

1686ರಲ್ಲಿ ಜೊವಾಂವ್ ಎಂಬ ಸೇವಕನೊಡನೆ ಅವರು ಲಂಕೆಗೆ ಹೊರಟರು. ದಾರಿ ಮತ್ತೆ ಕೆನರಾ, ಮಲಬಾರುಗಳ ಮೂಲಕವೇ. 1687ರಲ್ಲಿ ತೂತುಕುಡಿಯಿಂದ ಕೂಲಿಯವನ ವೇಷದಲ್ಲಿ ಕಡಲು ದಾಟಿ, ಹಸಿವೆ ಮತ್ತು ಆಮಶಂಕೆಯಿಂದ ಸಾಯುವ ಸ್ಥಿತಿಯಲ್ಲಿ ಜಾಫ್ನಾವನ್ನು ಮುಟ್ಟಿದರು. ಕೆಥೊಲಿಕರು ಯಾರೆಂದು ತಿಳಿಯಲು ಕೊರಳಲ್ಲಿ ಜಪಮಾಲೆ ಧರಿಸಿ ಮನೆ ಮನೆಗೆ ಭಿಕ್ಷೆಗೆ ಹೋದರು. ಸಿಲ್ಲಾಲೆ ಎಂಬ ಹಳ್ಳಿಯ ಜನ ಅವರನ್ನು ಬಚ್ಚಿಟ್ಟರು. ಒಂದು ಕ್ರಿಸ್ಮಸ್ ರಾತ್ರಿ ಡಚ್ ಕಮಿಷನರ್ ಹೆಂಡ್ರಿಕ್ ವಾನ್ ರೀಡ್ ಅವರ ಸೈನಿಕರು ಜಾಫ್ನಾದಲ್ಲಿ ಪೂಜೆಗೆ ನೆರೆದವರ ಮೇಲೆ ಎರಗಿದರು. ಹೊರ್ತುಸ್ ಮಲಬಾರಿಕುಸ್ ಎಂಬ ಸಸ್ಯಗ್ರಂಥವನ್ನು ಮೂವರು ಕೊಂಕಣಿ ಬ್ರಾಹ್ಮಣ ವೈದ್ಯರ ನೆರವಿನಿಂದ ಸಿದ್ಧಪಡಿಸಿದ ಅದೇ ವಾನ್ ರೀಡ್. ಕೊಂಕಣಿಗರ ವಿದ್ಯೆಗೆ ಮಣೆ ಹಾಕಿದ ಕೈಯೇ ಕೊಂಕಣಿ ಪಾದ್ರಿಯನ್ನು ಬೇಟೆಯಾಡಿತು. ವಾಜ್ ಅವರು ಸಿಗಲಿಲ್ಲ. ಸಿಕ್ಕವರು ಛಡಿಯೇಟು ತಿಂದರು, ಸಂಕೋಲೆ ತೊಟ್ಟರು.

ಈ ಪ್ರಸಂಗ ಸಂತಚರಿತ್ರೆಗಳಲ್ಲಿ ದೈವಸಹಾಯದ ನಿದರ್ಶನವಾಗಿ ಬರುತ್ತದೆ. ನಮಗೆ ಅದು ಬೇರೊಂದು ಪ್ರಶ್ನೆಯನ್ನು ಒಡ್ಡುತ್ತದೆ. ವಿಶ್ವಾಸದ ಬೆಲೆಯನ್ನು ತಾನೊಬ್ಬನೇ ತೆರುವುದಾದರೆ ಲೆಕ್ಕ ಸುಲಭ; ತನ್ನನ್ನು ಬಚ್ಚಿಟ್ಟವರು ತೆರಬೇಕಾಗಿ ಬಂದಾಗ ಏನು ಮಾಡಬೇಕು? ವಾಜ್ ಅವರು 1690ರಲ್ಲಿ ಜಾಫ್ನಾವನ್ನು ಬಿಟ್ಟು ಡಚ್ಚರ ಹಿಡಿತ ತಲುಪದ ಕಾಂಡಿ ರಾಜ್ಯದ ಪುತ್ತಳಂ ಕಡೆಗೆ ಸರಿದರು. ಇದನ್ನು ಪಲಾಯನವೆನ್ನಲು ಸಾಧ್ಯವಿಲ್ಲ. ಕೆನರಾದಲ್ಲಿ ಒಕ್ಕಲಿಗರ ಭಯವನ್ನು ತನ್ನ ಪಕ್ಷಕ್ಕಿಂತ ಮುಂದಿಟ್ಟ ಮನಸ್ಸೇ ಇಲ್ಲಿಯೂ ಕೆಲಸಮಾಡಿದೆ ಎನಿಸುತ್ತದೆ.

1692ರಲ್ಲಿ ಕಾಂಡಿಗೆ ಹೋದಾಗ ಪೋರ್ತುಗೀಸರ ಗೂಢಚಾರನೆಂಬ ಆರೋಪದ ಮೇಲೆ ರಾಜ ಎರಡನೆಯ ವಿಮಲಧರ್ಮಸೂರ್ಯನ ಸೆರೆಮನೆ ಸೇರಿದರು. ಅಲ್ಲಿಯೇ ಸಿಂಹಳ ಕಲಿತರು, ಕ್ರಮೇಣ ಗುಡಿಸಲೊಂದನ್ನು ಕಟ್ಟಿ ಪೂಜೆ ಆರಂಭಿಸಿದರು. 1696ರ ಬರಗಾಲದಲ್ಲಿ ಅವರ ಪ್ರಾರ್ಥನೆಯಿಂದ ಮಳೆ ಬಂದಿತೆಂಬ ಕಥೆ ಪ್ರಸಿದ್ಧ. ಆ ಬಳಿಕ ಬೌದ್ಧ ರಾಜ ಅವರಿಗೆ ರಾಜ್ಯದಲ್ಲಿ ಸಂಚಾರ ಸ್ವಾತಂತ್ರ್ಯ ಕೊಟ್ಟ. 1697ರಲ್ಲಿ ಕಾಂಡಿಯಲ್ಲಿ ಸಿಡುಬು ಹರಡಿದಾಗ, ಮನೆಯವರೇ ಕಾಡಿಗೆ ಬಿಟ್ಟ ರೋಗಿಗಳನ್ನು ಅವರೂ ಗೋವೆಯಿಂದ ಬಂದ ಸಂಗಡಿಗರೂ ಶುಶ್ರೂಷೆ ಮಾಡಿದರು. ಪಾದ್ರಿಯಿಲ್ಲದಾಗಲೂ ಪ್ರಾರ್ಥನೆ ನಡೆಸಬಲ್ಲ ಗೃಹಸ್ಥ ಮುಖಂಡರನ್ನು ಊರೂರಲ್ಲಿ ತಯಾರು ಮಾಡಿದ್ದು ಅವರ ಕೆಲಸದ ಮುಖ್ಯ ಭಾಗ. 1705ರಲ್ಲಿ ಬಂದ ಜಾಕೊಮೆ ಗೊನ್ಸಾಲ್ವಿಸ್ ಸಿಂಹಳದಲ್ಲಿ ಗ್ರಂಥಗಳನ್ನೇ ರಚಿಸಿ ಆ ಭಾಷೆಯ ಕ್ರೈಸ್ತ ಸಾಹಿತ್ಯಕ್ಕೆ ಅಡಿಪಾಯ ಹಾಕಿದರು. ಕೆನರಾಕ್ಕೆ ಅಂತಹ ಒಬ್ಬ ಗೊನ್ಸಾಲ್ವಿಸ್ ಆಗ ದೊರೆಯಲಿಲ್ಲವೆಂಬುದು ಕನ್ನಡಿಗರಾದ ನಮ್ಮ ಕೊರಗು. ಬಿಷಪ್ ಪದವಿಯ ಪ್ರಸ್ತಾಪ ಬಂದಾಗ ವಾಜ್ ಅವರು ಒಲ್ಲೆನೆಂದರು. ಅಧಿಕಾರಕ್ಕಾಗಿ ಸೀಳಿಹೋದ ಸಮುದಾಯವನ್ನು ಮಂಗಳೂರಿನಲ್ಲಿ ಕಣ್ಣಾರೆ ಕಂಡವರ ನಿರಾಕರಣೆ ಅದು.

1711ರ ಜನವರಿ 16ರಂದು ಕಾಂಡಿಯಲ್ಲಿ ಅವರು ನಿಧನರಾದರು. ಹೊರಟಂದಿನಿಂದ ಗೋವೆಗೆ ಮರಳಿರಲಿಲ್ಲ.

ಅವರು ತಿರುಗಾಡಿದ ಕೆನರಾದ ಸಮುದಾಯಕ್ಕೆ ಪರೀಕ್ಷೆಯ ಕಾಲ ಬಂದದ್ದು ಒಂದು ಶತಮಾನದ ಬಳಿಕ. 1784ರಲ್ಲಿ ಟಿಪ್ಪುಸುಲ್ತಾನನು, ಬ್ರಿಟಿಷರಿಗೆ ನೆರವಾದರೆಂಬ ಕಾರಣಕ್ಕೆ, ಇಲ್ಲಿನ ಕೆಥೊಲಿಕರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದನು, ಪಾದ್ರಿಗಳನ್ನು ಗಡೀಪಾರು ಮಾಡಿದನು, ಇಗರ್ಜಿಗಳು ನೆಲಸಮವಾದವು. ಸೆರೆಯಾದವರ ಸಂಖ್ಯೆಯ ಬಗ್ಗೆ ಆಕರಗಳು ಒಂದೇ ಮಾತು ಹೇಳುವುದಿಲ್ಲ. ಮೂಡುಬಿದಿರೆ ಸಮೀಪದ ಹೊಸ್ಪೆಟ್ ಇಗರ್ಜಿ ಮಾತ್ರ ಚೌಟ ಅರಸನ ಮಧ್ಯಸ್ಥಿಕೆಯಿಂದ ಉಳಿಯಿತೆಂದು ಪರಂಪರೆ ಹೇಳುತ್ತದೆ. 1799ರಲ್ಲಿ ಬಿಡುಗಡೆಯಾಗಿ ಬಂದವರು ಹದಿನೈದು ವರ್ಷಗಳಿಂದ ಪಾದ್ರಿಗಳ ಆಸರೆಯಿಲ್ಲದೆ ಬಾಳಿದವರು. ಬಂದು ಮತ್ತೆ ತಮ್ಮ ಇಗರ್ಜಿಗಳನ್ನೇ ಕಟ್ಟಿಕೊಂಡರು. ವಾಜ್ ಅವರ ಭಕ್ತಸಂಘಗಳಿಗೂ ಈ ದೃಢತೆಗೂ ನೇರ ಸಂಬಂಧವಿದೆಯೆಂದು ಸಾಧಿಸುವ ದಾಖಲೆ ನಮ್ಮ ಮುಂದಿಲ್ಲ. ಇಂದಿಗೂ ಈ ಭಾಗದ ಇಗರ್ಜಿಗಳಲ್ಲಿ ವಾಡೊಗಳ ಹೊಣೆ ಹೊರುವ ಗುರ್ಕಾರರನ್ನು ಕಂಡಾಗ ಲಂಕೆಯ ಗೃಹಸ್ಥ ಮುಖಂಡರ ನೆನಪಾಗುವುದಂತೂ ಸಹಜ.

ವಾಜ್ ಅವರನ್ನು 1995ರಲ್ಲಿ ಧನ್ಯರೆಂದೂ 2015ರ ಜನವರಿ 14ರಂದು ಸಂತರೆಂದೂ ಘೋಷಿಸಲಾಯಿತು. ಎರಡೂ ನಡೆದದ್ದು ಕೊಲಂಬೊದಲ್ಲಿ. ಕಾಂಡಿಯಲ್ಲಿ ಅವರನ್ನು ಹೂಳಿದ ಇಗರ್ಜಿ 18ನೆಯ ಶತಮಾನದಲ್ಲಿಯೇ ನಾಶವಾಯಿತು, ಸಮಾಧಿಯ ಗುರುತು ಸಿಕ್ಕಿಲ್ಲ. ಹೀಗಾಗಿ ಅವರ ಹೆಸರಿನಲ್ಲಿ ಯಾತ್ರೆ ಹೋಗಬೇಕೆನ್ನುವ ದಕ್ಷಿಣ ಕನ್ನಡದವರು ಮುಡಿಪುವಿನ ಗುಡ್ಡ ಹತ್ತುತ್ತಾರೆ.