ಉಸಿರಿನಲ್ಲಿ ಬಿಸಿಯನ್ನು ಕಂಡ ಲವಾಸಿಯೆ

ಹುಟ್ಟಿದ ಮಗುವನ್ನು ಬೆಚ್ಚಗೆ ಸುತ್ತಿ ತಾಯಿಯ ಪಕ್ಕ ಮಲಗಿಸುವುದನ್ನು ನಾವೆಲ್ಲ ನೋಡಿದ್ದೇವೆ. ಆ ಪುಟ್ಟ ದೇಹದೊಳಗೆ ಬಿಸಿ ಎಲ್ಲಿಂದ ಬರುತ್ತದೆ? ಜೀವಿಗಳ ಬಿಸಿಯನ್ನು ಅಳತೆ ಮಾಡಿ ಉತ್ತರ ಹುಡುಕಿದವರಲ್ಲಿ ಫ್ರಾನ್ಸಿನ ಆಂಟನಿ ಲವಾಸಿಯೆ ಪ್ರಮುಖರು.

ಲವಾಸಿಯೆ 1743ರ ಆಗಸ್ಟ್ 26ರಂದು ಪ್ಯಾರಿಸ್ಸಿನಲ್ಲಿ ಜನಿಸಿದರು. ತಂದೆಯಂತೆ ಕಾನೂನು ಓದಿದರೂ ಮನಸ್ಸು ವಿಜ್ಞಾನದ ಕಡೆಗೇ ಇತ್ತು. 1768ರಲ್ಲಿ ವಿಜ್ಞಾನ ಅಕಾಡೆಮಿಯ ಸದಸ್ಯರಾದರು. 1771ರಲ್ಲಿ ಅವರನ್ನು ಮದುವೆಯಾದ ಮೇರಿ ಆನ್ ಇಂಗ್ಲಿಷ್ ಕಲಿತು ಗ್ರಂಥಗಳನ್ನು ಅನುವಾದಿಸಿದರು, ಪ್ರಯೋಗಗಳ ಚಿತ್ರ ಬರೆದರು.

1782-83ರ ಚಳಿಗಾಲದಲ್ಲಿ ಲವಾಸಿಯೆ ಗಣಿತಜ್ಞ ಲಾಪ್ಲಾಸರೊಂದಿಗೆ ಒಂದು ಸಾಧನ ರಚಿಸಿದರು. ಒಳಗೆ ಒಂದು ಗಿನಿಪಿಗ್, ಅದರ ಸುತ್ತ ಮಂಜುಗಡ್ಡೆ. ಹೊರಗಿನ ಬಿಸಿ ತಾಗದಂತೆ ಮಂಜಿನ ಇನ್ನೊಂದು ಪದರ. 10 ಗಂಟೆಗಳಲ್ಲಿ ಸುಮಾರು 13 ಔನ್ಸ್ ಮಂಜು ಕರಗಿತು. ಆ ಪ್ರಾಣಿ ಹೊರಬಿಟ್ಟಷ್ಟೇ ಇಂಗಾಲದ ಡೈ ಆಕ್ಸೈಡ್ ಇದ್ದಿಲು ಉರಿದಾಗ ಬಂದರೆ ಎಷ್ಟು ಮಂಜು ಕರಗುತ್ತದೆ ಎಂದೂ ಲೆಕ್ಕ ಹಾಕಿದರು. ಎರಡೂ ಹತ್ತಿರಹತ್ತಿರ ಬಂದವು. ಉಸಿರಾಟವೆಂದರೆ ನಿಧಾನವಾದ ದಹನ ಎಂದು ಅವರು ತೀರ್ಮಾನಿಸಿದರು.

ಆ ದಹನ ಶ್ವಾಸಕೋಶದಲ್ಲೇ ನಡೆಯುತ್ತದೆಂದು ಅವರು ಭಾವಿಸಿದ್ದರು. ಅದು ದೇಹದ ಅಂಗಾಂಶಗಳಲ್ಲಿ ನಡೆಯುತ್ತದೆ ಎಂಬುದು 19ನೇ ಶತಮಾನದಲ್ಲಿ ತಿಳಿಯಿತು. ಕೆಂಪು ರಕ್ತಕಣಗಳು ತಾವು ಉತ್ಪಾದಿಸುವ ಬಿಸಿ ಅಲ್ಪ. ರಕ್ತ ಮುಖ್ಯವಾಗಿ ಆಮ್ಲಜನಕವನ್ನು ಒಯ್ದು, ಬಿಸಿಯನ್ನು ಮೈಯೆಲ್ಲ ಹಂಚುತ್ತದೆ. ನವಜಾತ ಶಿಶುವಿಗೆ ನಡುಗಿ ಬಿಸಿ ಮಾಡಿಕೊಳ್ಳುವ ಶಕ್ತಿ ಕಡಿಮೆ. ಕತ್ತಿನ ಸುತ್ತ, ಬೆನ್ನಿನ ಮೇಲ್ಭಾಗದಲ್ಲಿರುವ ಕಂದು ಕೊಬ್ಬು ಉರಿದು ಅದನ್ನು ಕಾಪಾಡುತ್ತದೆ. ಅವಧಿಗೆ ಮೊದಲೇ ಹುಟ್ಟಿದ ಮಗುವಿನಲ್ಲಿ ಅದೂ ಕಡಿಮೆ. ಆದ್ದರಿಂದಲೇ ಅಂತಹ ಮಗುವನ್ನು ತಾಯಿಯ ಎದೆಗೆ ಮೈ ತಾಗುವಂತೆ ಅಪ್ಪಿಸಿಡಲು ವೈದ್ಯರು ಹೇಳುತ್ತಾರೆ. ಶಿಶು ಬಳಸುವ ಆಮ್ಲಜನಕವನ್ನು ಅಳೆದು ಅದರ ದೇಹದ ಬಿಸಿಯನ್ನು ಲೆಕ್ಕ ಹಾಕುವ ಇಂದಿನ ಕ್ರಮದ ಬೇರು ಲವಾಸಿಯೆಯವರ ಕೆಲಸದಲ್ಲೇ ಇದೆ.

ತೆರಿಗೆ ವಸೂಲಿಯ ಕಂಪನಿಯಲ್ಲಿ ಪಾಲುದಾರರಾಗಿದ್ದದ್ದು ಅವರಿಗೆ ಮುಳುವಾಯಿತು. ಫ್ರಾನ್ಸಿನ ಕ್ರಾಂತಿಯ ದಿನಗಳಲ್ಲಿ, 1794ರ ಮೇ 8ರಂದು, ಅವರ ಶಿರಚ್ಛೇದ ಮಾಡಲಾಯಿತು. ಆಗ ಅವರಿಗೆ 50 ವರ್ಷ. ಅದೇ ದಿನ ಅವರ ಮಾವನನ್ನೂ ಕೊಲ್ಲಲಾಯಿತು. ತಂದೆಯನ್ನೂ ಗಂಡನನ್ನೂ ಒಟ್ಟಿಗೆ ಕಳೆದುಕೊಂಡ ಮೇರಿ ಆನ್ ಎದೆಗುಂದದೆ ಪತಿಯ ಬರಹಗಳನ್ನು ಪ್ರಕಟಿಸಿದರು.

ವಿದ್ಯಾರ್ಥಿಗಳೇ, ಲವಾಸಿಯೆ ಹೇಳಿದ್ದೆಲ್ಲ ಸರಿಯಾಗಿರಲಿಲ್ಲ. ಆದರೆ ಅವರು ಅಳೆದು ಬರೆದಿಟ್ಟಿದ್ದರಿಂದಲೇ ಮುಂದಿನವರು ತಪ್ಪನ್ನು ತಿದ್ದಲು ಸಾಧ್ಯವಾಯಿತು. ನೀವೂ ಕೇಳಿದ್ದನ್ನು ನಂಬುವ ಮೊದಲು ಅಳೆದು ನೋಡಿ.